ಹೊಳೆ ದಾಟಿದ ಬಾಳೆ

ಆನೆಗೊಂದಿಯಲ್ಲಿ, ಆಚೆ ದಡದಲ್ಲಿ ಇಳಿಯುವ ಜಾಗದ ಎದುರಿಗೇ ಹರಿಗೋಲನ್ನು ನೀರಿಗೆ ಬಿಡುವುದಿಲ್ಲ. ಅಂಬಿಗ ಖಾಜಾಸಾಬ ಅದನ್ನು ತಲೆಯ ಮೇಲೆ ಕವುಚಿಕೊಂಡು ದಡದುದ್ದಕ್ಕೂ ಮೇಲಕ್ಕೆ ನಡೆದ. ಸೆಳವು ಕೆಳಕ್ಕೆ ಎಳೆಯುವ ದೂರವನ್ನು ಮೊದಲೇ ನಡೆದು ತೀರಿಸಬೇಕು. ಬೆಳಗಿನಿಂದ ನೀರು ಏರುತ್ತಿತ್ತು. ನನಗೆ ಈಜು ಬರದು. ಅದನ್ನು ಯಾರಿಗೂ ಹೇಳಲಿಲ್ಲ.

ಜೊತೆಗಿದ್ದವಳು ಹುಲಿಗೆವ್ವ. ಆಚೆ ದಡದಲ್ಲಿರುವ ತಂಗಿಯ ಹೊಲಕ್ಕೆ ಹೊರಟಿದ್ದಳು. ಅವಳ ಕಣ್ಣು ಮಾತ್ರ ಹಿಂದೆ ಉಳಿದ ತನ್ನ ಬಾಳೆತೋಟದ ಮೇಲೇ ಇತ್ತು. ತಿರುವಿನಲ್ಲಿ ಹೊಳೆ ಅದರ ಬುಡವನ್ನು ಕೊರೆಯುತ್ತಿತ್ತು.

ನಡುಹೊಳೆಯಲ್ಲಿದ್ದಾಗ ಧೊಪ್ಪೆಂದು ದಡ ಕುಸಿಯಿತು. ಒಂದು ಬಾಳೆಗಿಡ ಗಡ್ಡೆ ಸಮೇತ ನೀರಿಗೆ ಬಿತ್ತು. ಹುಲಿಗೆವ್ವ ಎದ್ದೇಬಿಟ್ಟಳು. ಹರಿಗೋಲು ವಾಲಿ ಗರ್ರನೆ ತಿರುಗಿತು.

"ಕುಂದ್ರಬೇ ಯವ್ವಾ! ಎಲ್ಲಾರೂ ಹೊಳಿ ಪಾಲ ಆಗ್ತೀವಿ!" ಖಾಜಾಸಾಬ ಕಿರುಚಿದ.

ಕುಳಿತಳು. ಅವಳ ಉಗುರು ನನ್ನ ತೋಳಿಗೆ ನಾಟಿತು. ಗಿಡ ನಮ್ಮನ್ನು ದಾಟಿ ತೇಲುತ್ತ ಹೋಗಿ, ಸೆಳವು ಸೋಲುವ ಆಚೆ ದಡದ ಹೊಸ ಹೂಳಿಗೆ ತಗುಲಿ ನಿಂತಿತು. ತಂಗಿಯ ಹೊಲದಂಚಿನ ಆ ಹೂಳಿನಲ್ಲಿ ಆಗಲೇ ಒಂದು ಸಾಲು ಬಾಳೆ ಎದ್ದಿತ್ತು.

ನಾವು ಇಳಿಯುವಷ್ಟರಲ್ಲಿ ತಂಗಿ ಗುದ್ದಲಿ ಹಿಡಿದು ಗಿಡದ ಪಕ್ಕ ನಿಂತಿದ್ದಳು.

"ಇದೂ ನಿಂದ ಏನ ಅಕ್ಕಾ?" ಎಂದಳು, ತಲೆ ಎತ್ತದೆ.

ಹುಲಿಗೆವ್ವ ಬಗ್ಗಿ ಒಂದು ಹಿಡಿ ಹೂಳು ಎತ್ತಿ ಹಿಸುಕಿ ನೋಡಿದಳು. ಆಮೇಲೆ ತಂಗಿಯ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಸರಿ ಅತ್ತಾಗ. ನನ್ನ ತ್ವಾಟದ ಈ ಮಣ್ಣಾಗ ಎಷ್ಟು ಆಳ ತೆಗ್ಗ ತೋಡಬೇಕಂತ ನನಗ ಗೊತ್ತೈತಿ."