ಗುರುತಿಲ್ಲದವರಿಗೆ ಭಾಗ್ಯನಗರದಿಂದ ಹೋದ ಇಮೇಲ್

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾಲ್ಕು ವರ್ಷ ಬಿಲ್ ಬರೆದ ಮೇಲೆ ನಾನು ಅದೇ ಜಿಲ್ಲೆಯ ಭಾಗ್ಯನಗರದ ಕೂದಲಿನ ಕಾರ್ಖಾನೆಗೆ ಸೇರಿದೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ತಗಡು ಹೊದಿಸಿದ ಉದ್ದನೆಯ ಶೆಡ್ಡು, ಅದರ ಮೂಲೆಯಲ್ಲೊಂದು ಆಫೀಸು ಕೋಣೆ. ಊರೂರು ತಿರುಗಿ, ಪಾತ್ರೆ ಕೊಟ್ಟು ಉದುರಿದ ಕೂದಲು ಕೊಳ್ಳುವವರು ಅದನ್ನು ಚೀಲಗಳಲ್ಲಿ ತಂದು ಇಳಿಸುತ್ತಾರೆ. ಉಂಡೆಗಟ್ಟಿದ ಆ ಕೂದಲನ್ನು ನಮ್ಮಲ್ಲಿಯ ಹೆಂಗಸರು ಎಳೆ ಎಳೆಯಾಗಿ ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಅದು ವಿಗ್ ಮಾಡುವವರ ಕೈ ಸೇರುತ್ತದೆ. ಯಾರ ಕೈ, ಯಾವ ದೇಶ ಎಂಬುದು ನಮಗೆ ಗೊತ್ತಿರಲಿಲ್ಲ. ನಡುವೆ ಏಜೆಂಟರಿದ್ದರು.

ಮಾಲೀಕರಿಗೆ ಅದೇ ಒಂದು ಕೊರಗು. ಒಂದು ದಿನ ನನ್ನನ್ನು ಕರೆದು, "ಇಷ್ಟು ವರ್ಷ ಆತು, ನಮ್ಮ ಮಾಲು ಯಾರ ತಲಿ ಮ್ಯಾಲೆ ಕೂಡತೈತಿ ಅನ್ನೂದು ನನಗ ಗೊತ್ತಿಲ್ರಿ. ವಿಗ್ ಮಾಡವ್ರಿಗೇ ನೇರ ಬರೀಲಿಕ್ಕೆ ಬರತೈತೇನು, ನೋಡ್ರಿ" ಅಂದರು.

ನಾನು ಹುಡುಕಿ ಹುಡುಕಿ ಒಂದು ಸಾಫ್ಟ್‌ವೇರ್ ಕಲಿತೆ. ನಾವು ಒಂದು ಪತ್ರ ಬರೆದು, ವಿಳಾಸಗಳ ಪಟ್ಟಿ ಹಾಕಿದರೆ ಸಾಕು. ಅದು ಒಬ್ಬೊಬ್ಬರ ಹೆಸರು ಸೇರಿಸಿ ತಾನೇ ಇಮೇಲ್ ಕಳಿಸುತ್ತದೆ. ಉತ್ತರ ಬರದಿದ್ದರೆ ಕೆಲವು ದಿನ ಬಿಟ್ಟು ನೆನಪಿನ ಪತ್ರವನ್ನೂ ಅದೇ ಕಳಿಸುತ್ತದೆ. ಹಲವು ದೇಶಗಳ ವಿಗ್ ಅಂಗಡಿಗಳ ನೂರಾರು ವಿಳಾಸ ಕೂಡಿಹಾಕಿದೆ. "ಅತ್ಯುತ್ತಮ ಗುಣಮಟ್ಟದ ಕೂದಲಿನ ಪ್ರಮುಖ ರಫ್ತುದಾರರು ನಾವು" ಎಂದು ಶುರುವಾಗುವ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದರ ಹಿಂದೊಂದು ಹೋಗತೊಡಗಿದವು. ನಾನು ಕುರ್ಚಿಯಿಂದ ಎದ್ದು ನಿಂತೇ ನೋಡಿದೆ. ಅಂಚೆ ಡಬ್ಬಿಗೆ ಒಂದು ಕಾಗದ ಹಾಕಲು ಬಿಸಿಲಲ್ಲಿ ನಡೆದು ಹೋಗುತ್ತಿದ್ದ ಕುಷ್ಟಗಿಯ ಹುಡುಗಿ ನಾನು. ಚಹಾ ಆರುವಷ್ಟರಲ್ಲಿ ಇಷ್ಟು ದೇಶದ ಬಾಗಿಲು ಬಡಿದಿದ್ದೆ.

ಒಂದು ಬಾಗಿಲೂ ತೆರೆಯಲಿಲ್ಲ. ವಾರ ಕಳೆಯಿತು, ಯಂತ್ರ ಎರಡನೆಯ ಪತ್ರ ಕಳಿಸಿತು. ಮತ್ತೊಂದು ವಾರ, ಮೂರನೆಯದು. ಕೆಲವು ವಿಳಾಸಗಳು ಸತ್ತು ಹೋಗಿದ್ದವು. ಉಳಿದ ಪತ್ರಗಳಲ್ಲಿ ಬಹುಪಾಲು ಸ್ಪ್ಯಾಮಿನ ಬುಟ್ಟಿಗೆ ಬೀಳುತ್ತಿವೆ ಎಂದು ಆಮೇಲೆ ತಿಳಿಯಿತು.

ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬರಿದ್ದರು. ಹಿಟ್ನಾಳದಿಂದ ದಿನಾ ಬಸ್ಸಿನಲ್ಲಿ ಬರುವವರು. ನಾವೆಲ್ಲ ಚಿಗವ್ವ ಅನ್ನುತ್ತಿದ್ದೆವು. ನನ್ನ ಸಪ್ಪೆ ಮುಖ ನೋಡಿ ಒಂದು ಮಧ್ಯಾಹ್ನ ಅವರೇ ಕೇಳಿದರು.

"ಏನ್ ಬರದೀಯವ್ವಾ ಅದರಾಗ? ಓದು, ಕೇಳೂಣು."

ಕನ್ನಡದಲ್ಲಿ ಹೇಳಿದೆ.

"ಅತ್ಯುತ್ತಮ ಗುಣಮಟ್ಟ ಅಂದ್ರ?"

"ಮಾಲು ಛಲೋ ಐತಿ ಅಂತ, ಚಿಗವ್ವಾ."

"ತಮ್ಮ ಮಾಲು ಕೆಟ್ಟೈತಿ ಅಂತ ಯಾರರ ಹೇಳ್ಕೊಂತಾರೇನು? ನಮ್ಮನಿ ಮುಂದ ಬಂದು ಯಾರರ ಹಿಂಗ ಒದರಿದ್ರ ನಾ ಬಾಗಿಲಾ ತೆಗಿಯಂಗಿಲ್ಲ. ಆ ವಿಗ್ ಮಾಡೂ ಹೆಣಮಗಳಿಗೆ ಕೆಲಸದಾಗ ಏನ್ ತ್ರಾಸ ಐತಿ, ಅದನ್ನ ಕೇಳೀಯೇನು?"

"ಇಲ್ಲ. ಏನ್ ತ್ರಾಸ ಇರತೈತಿ?"

ಚಿಗವ್ವ ಮಡಿಲಲ್ಲಿದ್ದ ಗಂಟಿನಿಂದ ಒಂದು ಎಳೆ ಎಳೆದು ನನ್ನ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟರು. "ತೀಡು ಹಿಂಗ, ಮ್ಯಾಲೆ ಕೆಳಗ." ತೀಡಿದೆ. ಆ ಎಳೆ ಜೀವ ಬಂದ ಹಾಗೆ ಮೆಲ್ಲಗೆ ಮೇಲಕ್ಕೆ ಹತ್ತಿತು. ಅದನ್ನು ತಲೆಕೆಳಗು ಮಾಡಿ ಮತ್ತೆ ತೀಡಿದೆ. ಈಗ ಕೆಳಕ್ಕೆ ಸರಿಯಿತು.

"ಬುಡ ಯಾವ ಕಡಿ ಐತಿ, ಆ ಕಡಿಗೇ ಹೊಂಡತೈತಿ ನೋಡು. ಹೆಂಗ ತಿರುವಿದ್ರೂ ಅಷ್ಟ. ಉದುರಿದ ಕೂದಲದಾಗ ಬುಡ ತುದಿ ಎಲ್ಲಾ ಕಲಸಿ ಹೋಗಿರತೈತಿ. ಹಂಗ ಹೊಲದ್ರ ಎರಡು ಸಲ ತೊಳಿಯೂದ್ರಾಗ ಜಡಿ ಗಟ್ಟತೈತಿ."

ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ನೋಡಿದೆ. ಅದೂ ಹಾಗೆಯೇ. ಮೂವತ್ತು ದಾಟಿದ ನಾನು ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗಿದ ವಸ್ತುವಿಗೆ ತನ್ನ ಬುಡ ಯಾವ ಕಡೆ ಎಂಬುದು ಗೊತ್ತಿದೆ, ನನಗೇ ಗೊತ್ತಿರಲಿಲ್ಲ. ಅರ್ಧ ತಾಸು ಬೇರೆ ಕೆಲಸ ಮಾಡಲಾಗಲಿಲ್ಲ.

ಹಳೆಯ ಪತ್ರವನ್ನು ಅಳಿಸಿದೆ. ಹೊಸದು ಐದೇ ಸಾಲು. ಮೊದಲ ಸಾಲನ್ನು ಪ್ರತಿಯೊಬ್ಬರಿಗೂ ನಾನೇ ಬರೆಯಬೇಕೆಂದು ನಿಯಮ ಹಾಕಿಕೊಂಡೆ. ಅದಕ್ಕಾಗಿ ಅವರ ವೆಬ್‌ಸೈಟ್ ಪೂರ್ತಿ ಓದುತ್ತಿದ್ದೆ: ಇವರು ನಾಟಕದವರಿಗೆ ವಿಗ್ ಮಾಡುತ್ತಾರೆ, ಇವರು ಕಾಯಿಲೆಯಿಂದ ಕೂದಲು ಕಳೆದುಕೊಂಡವರಿಗೆ ಮಾಡುತ್ತಾರೆ, ಇವರ ಅಂಗಡಿಯನ್ನು ಅಜ್ಜ ತೆರೆದದ್ದು. ಆಮೇಲೆ ಒಂದೇ ಪ್ರಶ್ನೆ: "ನೀವು ಕೊಳ್ಳುವ ಕೂದಲು ತೊಳೆದ ಮೇಲೆ ಗಂಟಾಗುತ್ತದೆಯೇ? ಇಲ್ಲಿಯ ಹೆಂಗಸರು ಬೆರಳಿನಿಂದಲೇ ಬುಡ ತುದಿ ಗುರುತಿಸಿ ಬೇರೆ ಮಾಡಬಲ್ಲರು. ಅದು ನಿಮ್ಮ ಕೆಲಸಕ್ಕೆ ಉಪಯೋಗವೇ?" ಬೇಡವೆಂದರೆ ಒಂದು ಮಾತು ತಿಳಿಸಿ, ಮತ್ತೆ ಬರೆಯುವುದಿಲ್ಲ ಎಂದು ಕೊನೆಗೆ ಸೇರಿಸಿದೆ.

ಕಳಿಸುವ ಕೆಲಸ ಮಾತ್ರ ಯಂತ್ರದ್ದು. ನೂರಾರು ಬಿಟ್ಟು ದಿನಕ್ಕೆ ಹತ್ತು ಹನ್ನೆರಡು. ಅವರವರ ಊರಿನಲ್ಲಿ ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ. ನೆನಪಿನ ಪತ್ರ ಒಂದೇ ಒಂದು, ಉತ್ತರ ಬಂದರೆ ಅದೂ ಇಲ್ಲ. ಯುರೋಪಿನವರ ಬೆಳಗು ನಮಗೆ ಊಟದ ಹೊತ್ತು. ನಾವು ರೊಟ್ಟಿಯ ಗಂಟು ಬಿಚ್ಚುವಾಗ ಒಳಗೆ ಕಂಪ್ಯೂಟರು ತನ್ನ ಪಾಡಿಗೆ ಅವರ ಬಾಗಿಲು ತಟ್ಟುತ್ತಿತ್ತು.

ಮೂರನೆಯ ದಿನ ಮೊದಲ ಉತ್ತರ. ನಾನು ಓಡುತ್ತ ಹೋಗಿ ಮಾಲೀಕರಿಗೆ ತೋರಿಸಿದೆ. ಸದ್ಯಕ್ಕೆ ಬೇಡ, ಆದರೆ ತೊಳೆಯುವ ಬಗ್ಗೆ ನೀವು ಹೇಳಿದ್ದು ನಿಜ ಎಂದು ಒಬ್ಬಾತ ಬರೆದಿದ್ದ.

"ಬ್ಯಾಡ ಅಂದಾನಲ್ರಿ?" ಅಂದರು ಮಾಲೀಕರು.

"ಬ್ಯಾಡ ಅಂದಾನ್ರಿ. ಆದ್ರ ಓದ್ಯಾನ!"

ಅವರು ಮತ್ತೊಮ್ಮೆ ಪರದೆ ನೋಡಿದರು. ಈ ಸಲ ಕನ್ನಡಕ ಹಾಕಿಕೊಂಡು. ಆ ವಾರದಿಂದ ಉತ್ತರಗಳು ಬರುತ್ತಲೇ ಹೋದವು. ಬೇಡ ಅನ್ನುವವರೇ ಹೆಚ್ಚು. ಆದರೂ ಕೆಲವರು ಬೆಲೆ ಕೇಳಿದರು, ಕೆಲವರು ನಮಗೆ ಇಂಥ ಉದ್ದದ್ದೇ ಬೇಕು ಎಂದರು. ಅದು ಹೇಗೆಂದು ನನ್ನನ್ನು ಕೇಳಿ ತಿಳಿದ ಒಬ್ಬಳು ತನ್ನ ಬೆರಳಲ್ಲಿ ತೀಡಿ ನೋಡಿ ದಂಗಾದೆ ಎಂದು ಬರೆದಳು. ಪ್ರತಿಯೊಂದನ್ನೂ ನಾನು ಶೆಡ್ಡಿಗೆ ಹೋಗಿ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ.

ಆಮೇಲೆ ಆದದ್ದನ್ನು ನಾನು ಇವತ್ತಿಗೂ ಸಲೀಸಾಗಿ ಹೇಳಲಾರೆ.

ಯಲಬುರ್ಗಾದಲ್ಲಿ ಸೋದರತ್ತೆಯ ಮನೆಯ ಮದುವೆಗೆ ಮೂರು ದಿನ ಹೋಗಿದ್ದೆ. ತಿರುಗಿ ಬಂದು ಇಮೇಲ್ ತೆರೆದರೆ ಪೋಲೆಂಡಿನಿಂದ ಎರಡು ಪತ್ರ. ಅಲ್ಲಿಯ ಸಣ್ಣ ಊರೊಂದರಲ್ಲಿ ಕಾಯಿಲೆಯವರಿಗಾಗಿ ವಿಗ್ ಹೊಲಿಯುತ್ತಿದ್ದ ಹೆಂಗಸಿಗೆ ನಾನು ಬರೆದಿದ್ದೆ. ಮೊದಲ ಪತ್ರ ಅವಳ ಮಗಳದ್ದು, ತಾಯಿಗೆ ಬಂದ ಇಮೇಲ್‌ಗಳನ್ನು ನೋಡಿ ತನ್ನ ಸ್ವಂತ ವಿಳಾಸದಿಂದ ಬರೆದದ್ದು: ನನ್ನ ತಾಯಿ ತೀರಿಕೊಂಡರು, ಇನ್ನು ಅವರಿಗೆ ಬರೆಯಬೇಡಿ. ಉತ್ತರ ಬೇರೆ ವಿಳಾಸದಿಂದ ಬಂದಿದ್ದರಿಂದ ಯಂತ್ರಕ್ಕೆ ಅದು ಉತ್ತರವೆಂದು ತಿಳಿಯಲಿಲ್ಲ. ಮರುದಿನ ಅದು ತನ್ನ ಪಾಳಿಯಂತೆ ತಾಯಿಯ ವಿಳಾಸಕ್ಕೆ ನೆನಪಿನ ಪತ್ರ ಕಳಿಸಿತ್ತು. "ನನ್ನ ಹಿಂದಿನ ಪತ್ರ ನೀವು ನೋಡಿರಲಿಕ್ಕಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ." ಕೆಳಗೆ ನನ್ನ ಹೆಸರು. ಮಗಳ ಎರಡನೆಯ ಪತ್ರ ಒಂದೇ ಸಾಲು: ಸತ್ತವರ ಉತ್ತರಕ್ಕೆ ಎಷ್ಟು ದಿನ ಕಾಯುತ್ತೀರಿ?

ಮೊದಲು ಎಲ್ಲ ಪತ್ರಗಳನ್ನೂ ನಿಲ್ಲಿಸಿದೆ. ಮಾಲೀಕರಿಗೆ ಹೇಳಿದೆ. ಅವರು ಬೈಯಲಿಲ್ಲ, "ಕ್ಷಮಾ ಕೇಳ್ರಿ ಮೊದ್ಲ" ಅಂದರು. ಏನೆಂದು ಕೇಳುವುದು? ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಚಿಗವ್ವನ ಹತ್ತಿರ ಹೋಗಿ ಕುಳಿತೆ.

"ಸತ್ತವ್ರ ಮನಿಗೆ ಮಾತಾಡ್ಸಾಕ ಹೋದ್ರ ಏನಂತೀವಿ?" ಅಂದರು ಅವರು. "ಅಷ್ಟ ಬರಿ. ಕೂದಲದ ಮಾತು ತಗೀಬ್ಯಾಡ."

ಬರೆದೆ. ಕಳಿಸಿದ್ದು ಯಂತ್ರ, ಆದರೆ ಹಾಗೆ ಕಳಿಸು ಎಂದು ಹೇಳಿಟ್ಟವಳು ನಾನು, ತಪ್ಪು ನನ್ನದು. ನಿಮ್ಮ ತಾಯಿಯ ಕೆಲಸದ ಚಿತ್ರಗಳನ್ನು ನೋಡಿಯೇ ಅವರಿಗೆ ಬರೆದಿದ್ದೆ. ನಿಮ್ಮ ದುಃಖದ ದಿನಗಳಲ್ಲಿ ನಿಮ್ಮನ್ನು ನೋಯಿಸಿದೆ, ಕ್ಷಮಿಸಿ. ಇಷ್ಟೇ.

ಎಂಟು ಹತ್ತು ದಿನ ಏನೂ ಬರಲಿಲ್ಲ. ಬರುವುದಿಲ್ಲ ಎಂದೇ ತಿಳಿದಿದ್ದೆ. ನಂತರ ಒಂದು ಮಧ್ಯಾಹ್ನ ಉದ್ದನೆಯ ಪತ್ರ ಬಂತು.

ಅಂಗಡಿ ಮಾರಬೇಕೆಂದು ತಾಯಿಯ ಕೆಲಸದ ಮೇಜು ಖಾಲಿ ಮಾಡುತ್ತಿದ್ದೆ, ಎಂದು ಮಗಳು ಬರೆದಿದ್ದಳು. ದೊಡ್ಡ ಕತ್ತರಿಯ ಕೆಳಗೆ ಒಂದು ಕಾಗದ ಸಿಕ್ಕಿತು. ನಿಮ್ಮ ಮೊದಲ ಪತ್ರವನ್ನು ತಾಯಿ ಮುದ್ರಿಸಿ ಇಟ್ಟುಕೊಂಡಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಹಿಂಬದಿಯಲ್ಲಿ ನಮ್ಮ ಭಾಷೆಯಲ್ಲಿ ಪೆನ್ಸಿಲಿನಿಂದ ಉತ್ತರ ಬರೆದಿದ್ದಾರೆ. ನನ್ನಿಂದ ಅನುವಾದ ಮಾಡಿಸಬೇಕೆಂದಿದ್ದರೇನೋ, ಅಷ್ಟರಲ್ಲಿ ಆಸ್ಪತ್ರೆಗೆ ಹೋದರು. ನೀವು ಕಾಯುತ್ತಿದ್ದೇನೆ ಅಂದಿರಿ. ಆ ಉತ್ತರ ಇಲ್ಲಿದೆ.

ಅದರ ಕೆಳಗೆ ಮಗಳ ಇಂಗ್ಲಿಷಿನಲ್ಲಿ ತಾಯಿಯ ಮಾತು: "ಹೌದು, ಗಂಟಾಗುತ್ತದೆ. ಹೊಲಿದ ಸಾಲುಗಳನ್ನೇ ಕತ್ತರಿಸಿ ಮತ್ತೆ ಹೊಲಿದಿದ್ದೇನೆ. ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಆ ಹೆಂಗಸರು ಬುಡವನ್ನು ಹೇಗೆ ಗುರುತಿಸುತ್ತಾರೆ? ನನಗೂ ತೋರಿಸುವರೇ?"

ನಾನು ಅದನ್ನು ಎಷ್ಟು ಸಲ ಓದಿದೆನೋ. ಪಟ್ಟಿಯಲ್ಲಿ ನನಗೆ ಅದು ಒಂದು ಸಾಲು; ಹೆಸರು, ವಿಳಾಸ, ಊರು. ಆ ಸಾಲಿನ ಆಚೆ ಒಬ್ಬ ಹೆಂಗಸು ಕಾಗದ ತಿರುವಿ ಹಾಕಿ, ಪೆನ್ಸಿಲು ಹುಡುಕಿ, ನಮಗೆ ಉತ್ತರ ಬರೆಯುತ್ತ ಕುಳಿತಿದ್ದಳು. ಅವಳು ಹೋದ ಮೇಲೆ ಅದು ಭಾಗ್ಯನಗರ ತಲುಪಿತು.

ಶೆಡ್ಡಿನಲ್ಲಿ ಓದಿ ಹೇಳಿದಾಗ ಕೈಗಳು ನಿಂತವು. "ಎಷ್ಟು ವಯಸ್ಸಂತ ಆಕಿದು?" ಚಿಗವ್ವ ಕೇಳಿದರು.

"ನಿಮ್ಮ ವಾರಿಗಿಯವ್ರ ಇರಬೇಕು."

"ಕೇಳ್ಯಾಳ ಅಂದಮ್ಯಾಲೆ ತೋರಸಬೇಕು. ತಾ ನಿನ್ನ ಫೋನು. ಮಗಳರ ನೋಡಲಿ."

ಅವರ ಬೆರಳುಗಳ ಸಣ್ಣ ವಿಡಿಯೋ ಮಾಡಿ ಕಳಿಸಿದೆ. ಎರಡು ದಿನಕ್ಕೆ ಮಗಳು ಒಂದೇ ಒಂದು ಕಟ್ಟು ಕೇಳಿದಳು. ಅಂಗಡಿ ಮಾರುವ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದಾಳೆ. ತಾಯಿಯ ಹತ್ತಿರ ಹೊಲಿಗೆ ಅರ್ಧ ಕಲಿತಿದ್ದಳಂತೆ, ಉಳಿದರ್ಧವನ್ನು ತಾನೇ ಕಲಿಯುತ್ತಾಳಂತೆ.

ಈಗ ನಮ್ಮಲ್ಲಿ ಬುಡ ತುದಿ ಬೇರೆ ಮಾಡಲೆಂದೇ ನಾಲ್ಕು ಜನರಿದ್ದಾರೆ, ಚಿಗವ್ವ ಅವರಿಗೆ ಮುಖ್ಯಸ್ಥೆ. ಯಂತ್ರವನ್ನು ಮತ್ತೆ ಶುರು ಮಾಡಿದ್ದೇನೆ. ಆದರೆ ನೆನಪಿನ ಪತ್ರ ಹೋಗುವ ಮೊದಲು ಆ ದಿನದ ಒಂದೊಂದು ಹೆಸರನ್ನೂ ನಾನು ಕಣ್ಣಾರೆ ನೋಡುತ್ತೇನೆ. ರಜೆ ಹಾಕಿದರೆ ಅದಕ್ಕೂ ರಜೆ. ನೆನಪಿನ ಪತ್ರದಲ್ಲಿ ಕಾಯುತ್ತಿದ್ದೇನೆ ಎಂಬ ಮಾತನ್ನು ತೆಗೆದುಬಿಟ್ಟೆ.

ಮೊನ್ನೆ ಪೋಲೆಂಡಿನಿಂದ ಒಂದು ಚಿತ್ರ ಬಂದಿತ್ತು. ಕಿಟಕಿಯ ಪಕ್ಕ ಮರದ ತಲೆಯ ಮೇಲೆ ಹೊಲಿದು ಮುಗಿಸಿದ ವಿಗ್. ಫೋನು ಕೈಯಿಂದ ಕೈಗೆ ಹೋಯಿತು. "ಎಷ್ಟು ಮಂದಿ ಹೆಣಮಕ್ಕಳ ಕೂದಲ ಐತೋ ಅದರಾಗ," ಅಂದಳೊಬ್ಬಳು. "ಕುಷ್ಟಗಿದೂ ಇರಬೇಕು, ಯಲಬುರ್ಗಾದ್ದೂ ಇರಬೇಕು." ಇನ್ನೊಬ್ಬಳು, "ಅದನ್ನ ಹಾಕ್ಕೊಂಡಾಕಿ ಹೆಂಗ ಕಾಣಸ್ತಾಳೋ, ಕೇಳ್ರಿ ಅಕ್ಕಾರ" ಅಂದಳು.

ಕೇಳಿದೆ. ವಿಗ್ ಹಾಕಿಕೊಂಡವಳಿಗೆ ತನ್ನ ಚಿತ್ರ ಕಳಿಸಲು ಸಂಕೋಚವಂತೆ. ಆದರೆ ಕನ್ನಡಿಯ ಮುಂದೆ ನಿಂತವಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ ಎಂದು ಉತ್ತರ ಬಂತು.