ಅಸುಂಡಿ ದಾರಿಯ ಎರಡನೇ ಪೈಪು

ಸಿಟ್ಟು ಬಂದರೆ ನೀಲಾ ಎದುರಿಗೆ ಯಾರಿದ್ದಾರೆಂದು ನೋಡುವವಳಲ್ಲ. ಗದಗಿನ ಮುಳಗುಂದ ನಾಕಾದ ಹತ್ತಿರ, ಮೂರು ಕೋಣೆಯ ಕಚೇರಿಯಲ್ಲಿ ಅವಳು ಚಿಪ್‌ಗಳ ನಕ್ಷೆ ಮಾಡುತ್ತಾಳೆ. ಉಗುರಿನಷ್ಟು ಚಿಪ್‌ನೊಳಗೆ ತಂತಿಗಳು ಪದರ ಪದರವಾಗಿ ಓಡುತ್ತವೆ. ಒಂದು ಪದರದಲ್ಲಿ ದಾರಿ ಕಟ್ಟಿತೋ, 'ವಯಾ' ಎಂಬ ತೂತಿನಿಂದ ಬೇರೆ ಪದರಕ್ಕಿಳಿದು, ಅಡ್ಡ ಬಂದದ್ದನ್ನು ದಾಟಿ, ಮತ್ತೆ ಮೇಲೇಳಬೇಕು. ಗೆರೆ ಎಳೆಯುವುದು ಸಾಫ್ಟ್‌ವೇರ್. ಯಾವ ತಂತಿ ಯಾವ ಪದರ ಬಿಟ್ಟು ಕದಲಬಾರದು, ಎಲ್ಲಿ ಎಷ್ಟು ವಯಾ ಇರಬೇಕು ಎಂದು ಅದಕ್ಕೆ ಮೂಗುದಾರ ಹಾಕುವುದು ನೀಲಾಳ ಕೆಲಸ.

ಮೊನ್ನೆ ಶನಿವಾರ ಮ್ಯಾನೇಜರ್ ಸಿದ್ದಾರೂಢ ಬಂದು, "ನೀಲಾ, ಕರೆಂಟಿನ ತಂತಿಗೆ ಜಾಗಾ ಸಾಲವಲ್ದು. ಅಲ್ಲಿ ಜೋಡಿ ವಯಾ ರೂಲ್ ತಗದಬಿಡ್ರಿ, ಒಂದ ಸಾಕು" ಅಂದ.

ಅಂದದ್ದೇ ತಪ್ಪಾಯಿತು. ಚಹಾದ ಗ್ಲಾಸು ಅವನ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿದು ಚೂರಾಯಿತು.

"ಒಂದ ಸಾಕು ಅನ್ನೂ ಮಾತು ನನ್ನ ಮುಂದ ಆಡಬ್ಯಾಡ್ರಿ! ಅದೊಂದು ಕೈಕೊಟ್ರ ಏನಾಕ್ಕೈತಿ, ನಿಮಗೇನ್ ಗೊತ್ತೈತಿ?"

ಪಾಪ, ಅವನಿಗೆ ಗೊತ್ತಿರಲಿಲ್ಲ. ಅವಳ ಊರು ಅಸುಂಡಿಗೆ ಗೊತ್ತಿತ್ತು.

ಅಸುಂಡಿಯಲ್ಲಿ ನೀಲಾಳ ಅಪ್ಪ ಹುಚ್ಚೀರಪ್ಪ, ಅವನ ತಮ್ಮ ಮಾಳಿಂಗರಾಯ ಇಬ್ಬರದೂ ಹೊಲ ಅಕ್ಕಪಕ್ಕ. ಅಪ್ಪನ ಟ್ರ್ಯಾಕ್ಟರ್ ದಾರಿಯನ್ನು ದಾಟಿಯೇ ಕಾಕಾನ ಬೋರಿನ ನೀರು ಉಳ್ಳಾಗಡ್ಡಿ ಮಡಿಗೆ ಹೋಗಬೇಕು. ಟ್ರ್ಯಾಕ್ಟರ್ ಹೋದರೆ ಕಾಲುವೆ ಒಡೆಯಿತು, ಕಾಲುವೆ ತೋಡಿದರೆ ದಾರಿ ಹಾಳಾಯಿತು. ದಾಯಾದಿ ಜಗಳ ಅಂದಮೇಲೆ ಕೇಳಬೇಕೆ? ಒಂದು ವರ್ಷ ಕಲ್ಲು, ಮರುವರ್ಷ ಬಡಿಗೆ. ಕಾಕಾನ ಎರಡು ಹಲ್ಲು ಉದುರಿದವು, ಅಪ್ಪನ ಪಕ್ಕೆಲುಬು ಮುರಿಯಿತು. ಇನ್ನು ಕೈಗೆ ಕೊಡಲಿ ಬಂದರೆ ಹೆಣ ಬೀಳುವುದೇ ಎಂದು ನೀಲಾ ಹೆದರಿ ಸತ್ತಳು.

"ದಾರಿ ಕೆಳಗ ಪೈಪ್ ಹಾಕೂಣು. ನೀರು ಇಳದು, ದಾಟಿ, ಆಕಡೆ ಮ್ಯಾಲೆ ಬರಲಿ. ಎರಡು ಹಾಕೂಣು, ಒಂದು ಕಟ್ಟಿದ್ರ ಇನ್ನೊಂದು ಇರತೈತಿ" ಅಂದಳು.

ಅಪ್ಪ ಮೀಸೆ ತಿರುವಿದ. "ನನ್ನ ದಾರಿ ಅಗದು ಎರಡೆರಡು ಹಾಕ್ತೀಯೇನ? ಒಂದ ಸಾಕು. ಅದೂ ನಿನ್ನ ಮಾರಿ ನೋಡಿ."

ಕಾಕಾನೂ ಅದೇ ತಳಿ. "ಆಂವಾ ಭಿಕ್ಷಾ ಹಾಕಿದ್ದು ನನಗ ಒಂದ ಸಾಕು."

ಅಣ್ಣತಮ್ಮ ಇಬ್ಬರೂ ಜನ್ಮದಲ್ಲಿ ಒಪ್ಪಿದ್ದು ಅದೊಂದೇ ಮಾತು. ಕಚೇರಿಯಲ್ಲಿ ಯಾರಿಗೂ ಬಗ್ಗದ ನೀಲಾ ಅಲ್ಲಿ ಬಗ್ಗಿ, ಒಂದೇ ಪೈಪು ಹೂಳಿಸಿದಳು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಅವಳಿಗೆ ತಿಳಿಯದ ಗಾದೆಯೇನಲ್ಲ. ಎರಡು ವರ್ಷ ಊರೇ ಅವಳನ್ನು ಹೊಗಳಿತು.

ಹೋದ ಕಾರ್ತಿಕದಲ್ಲಿ ಆ ಪೈಪಿನೊಳಗೆ ಎರೆಮಣ್ಣು ಮೆತ್ತಿಕೊಂಡು ನೀರು ದಾರಿಗೆ ನುಗ್ಗಿತು. ಅಪ್ಪನ ಟ್ರ್ಯಾಕ್ಟರ್ ಅರ್ಧ ಗಾಲಿ ಹೂತು ನಿಂತಿತು. ತಮ್ಮ ಬೇಕಂತಲೇ ನೀರು ಬಿಟ್ಟ ಅಂತ ಅಪ್ಪ, ಅಣ್ಣನೇ ಪೈಪಿಗೆ ಮಣ್ಣು ತುರುಕಿದ ಅಂತ ಕಾಕಾ. ಕಾಕಿ ಅಮೃತವ್ವನ ಫೋನು ಬಂದದ್ದೇ ನೀಲಾ ಸ್ಕೂಟಿ ಹಾರಿಸಿಕೊಂಡು ಬಂದಳು. ಅಷ್ಟರಲ್ಲಿ ಕಾಕಾನ ಸಲಿಕೆ ಏಟಿಗೆ ಅಪ್ಪನ ಕಿವಿ ಹರಿದು ಜೋತಾಡುತ್ತಿತ್ತು. ನಡುವೆ ನುಗ್ಗಿದ ಮಗಳ ಕೊರಳು ಹಿಡಿದು ಅಪ್ಪ ಕೆಸರಿಗೆ ದಬ್ಬಿದ, ತಮ್ಮನ ಮೇಲೆ ಕೊಡಲಿ ಎತ್ತಿದ. ಕಾಕಾ ಕೈ ಅಡ್ಡ ತಂದ. ಬಲಗೈ ಮಣಿಕಟ್ಟಿನಲ್ಲಿ ತುಂಡಾಗಿ ನೀಲಾಳ ಮುಖದ ಮುಂದೆಯೇ ಬಿತ್ತು. ಕೆಸರಿನಲ್ಲಿ ಅದರ ಬೆರಳು ಒಮ್ಮೆ ಮಡಚಿತು. ಅಯ್ಯೋ, ಅದನ್ನು ನೋಡಿದವಳು ನಿದ್ದೆ ಮಾಡುವುದುಂಟೆ!

ಅಪ್ಪ ಜೈಲಿಗೆ ಹೋದ. ಕಾಕಾ ಜೀವ ಉಳಿಸಿಕೊಂಡು ಮನೆಗೆ ಬಂದ.

ಮೊನ್ನೆ ಗ್ಲಾಸು ಒಡೆದ ಮೇಲೆ ನೀಲಾ ಪಕ್ಕದ ತಂತಿಯೊಂದನ್ನು ಮೇಲಿನ ಪದರಕ್ಕೆ ಸರಿಸಿ, ಖಾಲಿಯಾದ ಜಾಗದಲ್ಲಿ ಎರಡೂ ವಯಾ ಕೂರಿಸಿಯೇ ಎದ್ದಳು. ಮರುದಿನ ಬೆಳಿಗ್ಗೆ ಅಸುಂಡಿಗೆ ಹೋಗಿ, ಕಾಕಿಯ ಜೊತೆ ಗುದ್ದಲಿ ಹಿಡಿದು ದಾರಿ ಅಗೆದಳು. ಹಳೆಯ ಪೈಪು ತೊಳೆದು, ಮಗ್ಗುಲಿಗೆ ಇನ್ನೊಂದು ಇಳಿಸಿದರು.

ಬದುವಿನ ಮೇಲೆ ಕುಳಿತಿದ್ದ ಕಾಕಾ ಎದ್ದು ಬಂದ. "ಎರಡನೇದಕ್ಕ ಎಷ್ಟು ಜಾಗಾ ಹಿಡೀತು ತಂಗಿ?"

"ಒಂದು ಗೇಣು, ಕಾಕಾ."

ಅವನಿಗೆ ನಂಬಿಕೆ ಬರಲಿಲ್ಲ. ತಾನೇ ಅಳೆದು ನೋಡಲೆಂದು ಬಗ್ಗಿ ಬಲಗೈ ಚಾಚಿದ. ಗೇಣು ಹಾಕಲು ಅಲ್ಲಿ ಕೈ ಇರಲಿಲ್ಲ.