ಅಕ್ಕನ ಸೀಟಿನ ಕೆಳಗಿನ ಸದ್ದು

ಬನಶಂಕರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಲಿತ ಕೆಲಸ. ಇದು ಮೂರು ವರ್ಷದ ಹಿಂದಿನ ಮಾತು. ನನ್ನ ಅಕ್ಕ ಪುಷ್ಪ ಅಂಜನಾಪುರದಿಂದ ಜೆ.ಪಿ. ನಗರದ ಶಾಲೆಗೆ ಎಂಟು ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದಳು. ಬೇಸಿಗೆ ರಜೆಯಲ್ಲಿ ಅದರ ಇಂಜಿನ್ ಕೆಟ್ಟಿತು. ಗುಜರಿಯಿಂದ ಬೇರೆ ಇಂಜಿನ್ ತಂದು ನಾನೇ ಕೂರಿಸಿದೆ.

ಇಂಜಿನ್ ಮೂರು ಮೌಂಟಿಂಗ್‌ಗಳ ಮೇಲೆ ಕೂತಿರುತ್ತದೆ. ಕಬ್ಬಿಣದ ಎರಡು ತುಂಡುಗಳ ನಡುವೆ ದಪ್ಪ ರಬ್ಬರ್. ಅಲುಗಾಟವನ್ನು ಅದು ನುಂಗುತ್ತದೆ. ಹೊಸವನ್ನು ಹಾಕಬೇಕಿತ್ತು. ಹಳೆಯವೇ ಕಣ್ಣಿಗೆ ಚೆನ್ನಾಗಿ ಕಂಡವು, ಹಾಕಿಬಿಟ್ಟೆ.

ಶಾಲೆ ಶುರುವಾದ ಮೂರನೇ ದಿನ ಅಕ್ಕ ಬಂದಳು. “ಮಂಜ, ಕ್ಲಚ್ ಬಿಟ್ರೆ ಸೀಟಿನ ಕೆಳಗೆ ಯಾರೋ ಒದ್ದಂಗೆ ಆಗುತ್ತೆ ಕಣೋ.”

ಆ ವ್ಯಾನಿನಲ್ಲಿ ಇಂಜಿನ್ ಇರುವುದೇ ಡ್ರೈವರ್ ಸೀಟಿನ ಕೆಳಗೆ. ಅವಳನ್ನು ಇಳಿಸಿ, ಸೀಟು ಎತ್ತಿ, ನ್ಯೂಟ್ರಲ್‌ನಲ್ಲೇ ಕೈಯಿಂದ ಕೇಬಲ್ ಎಳೆದು ರೇಸ್ ಕೊಟ್ಟೆ. ಇಂಜಿನ್ ಕದಲಲಿಲ್ಲ.

“ಹೊಸ ಇಂಜಿನ್, ಸೆಟ್ ಆಗೋವರ್ಗೂ ಹಂಗೇ. ನಿಂಗೆ ಭಯ ಜಾಸ್ತಿ.”

“ಗುಜರಿ ಇಂಜಿನ್ ಅದ್ಯಾವಾಗ ಹೊಸದಾಯ್ತೋ?” ಎಂದು ನಕ್ಕು ಹೋದಳು. ಮುಂದಿನ ವಾರ ಬಂದು ಮತ್ತೆ ಅದನ್ನೇ ಹೇಳಿದಳು. ಈ ಸಲ ನಾನು ಸೀಟನ್ನೂ ಎತ್ತಲಿಲ್ಲ.

ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ಎಂಟೂ ಹತ್ತಕ್ಕೆ ಅಕ್ಕನ ಫೋನ್ ಬಂತು. ಶಾಲೆಯ ಹತ್ತಿರದ ಏರಿನಲ್ಲಿ ವ್ಯಾನ್ ಕಿರುಚಿಕೊಂಡು ತಾನಾಗಿ ನುಗ್ಗಿತ್ತು. ಅಕ್ಕ ಬ್ರೇಕ್ ಒತ್ತಿ ಹಿಡಿದು, ಕೀ ತಿರುಗಿಸಿ ನಿಲ್ಲಿಸಿದ್ದಳು. ನಾನು ಹೋದಾಗ ಮುಂದಿನ ಚಕ್ರ ಫುಟ್‌ಪಾತಿನ ಮೇಲಿತ್ತು. ಅಲ್ಲಿಂದ ಒಂದು ಮಾರು ದೂರದಲ್ಲಿ ಬಸ್ಸಿಗೆ ಕಾಯುವವರ ಬೆಂಚು. ಮಕ್ಕಳಿಗೆ ಏನೂ ಆಗಿರಲಿಲ್ಲ. ಒಂದು ಮಗು ಮಾತ್ರ ಅಕ್ಕನ ದುಪಟ್ಟಾ ಬಿಡುತ್ತಿರಲಿಲ್ಲ.

“ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದ್ದೀರ ಮೇಡಂ,” ಎಂದರು ಅಷ್ಟರಲ್ಲಿ ಬಂದಿದ್ದ ಆ ಮಗುವಿನ ತಂದೆ.

“ಇಲ್ಲ ಸಾರ್, ಕಾಲು ಬ್ರೇಕ್ ಮೇಲೇ ಇತ್ತು. ಮಂಜ, ನೀನಾದ್ರೂ ಹೇಳೋ.”

ಸೇರಿದ್ದವರೆಲ್ಲ ನನ್ನತ್ತ ತಿರುಗಿದರು. “ಗಾಡಿ ನಾನೇ ಚೆಕ್ ಮಾಡಿದ್ದೀನಿ ಸಾರ್. ಸರಿಯಾಗೇ ಇದೆ,” ಎಂದೆ.

ಅಕ್ಕ ನನ್ನನ್ನೊಮ್ಮೆ ನೋಡಿ, ಆಮೇಲೆ ತನ್ನ ಬಲಗಾಲನ್ನು ನೋಡಿಕೊಂಡಳು.

ಆ ಮಧ್ಯಾಹ್ನ ವ್ಯಾನನ್ನು ಗ್ಯಾರೇಜಿಗೆ ಎಳೆಸಿ ತಂದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆ. ಪಕ್ಕದ ಪಂಕ್ಚರ್ ಅಂಗಡಿಯ ರಫೀಕಣ್ಣನನ್ನು ಸೀಟಿನಲ್ಲಿ ಕೂರಿಸಿ, ಹ್ಯಾಂಡ್ ಬ್ರೇಕ್ ಹಾಕಿಸಿ, ಫಸ್ಟ್ ಗೇರಿನಲ್ಲಿ ಕ್ಲಚ್ ಅರ್ಧ ಬಿಡಲು ಹೇಳಿ, ವ್ಯಾನಿನ ಕೆಳಗೆ ತಲೆ ತೂರಿಸಿದೆ.

“ಕಲ್ಲು ಜಾರಿದ್ರೆ ನೀನು ಸೀದಾ ಮೇಲೆ, ಗುರು,” ಎಂದ.

ಕ್ಲಚ್ ಬಿಟ್ಟದ್ದೇ ಇಂಜಿನ್ ಎದ್ದಿತು, ಎರಡು ಬೆರಳು ತೂರುವಷ್ಟು. ಮೊದಲೇ ಅಡ್ಡಕ್ಕೆ ಸೀಳಿದ್ದ ಎಡಗಡೆಯ ರಬ್ಬರ್ ಬಾಯಿ ತೆರೆಯಿತು. ಎದ್ದ ಇಂಜಿನ್ ತನ್ನ ಆಕ್ಸಿಲರೇಟರ್ ಕೇಬಲನ್ನು ತಾನೇ ಎಳೆದುಕೊಂಡಿತು. ರೇಸ್ ಏರಿತು, ಇನ್ನಷ್ಟು ಎದ್ದಿತು, ಇನ್ನಷ್ಟು ಎಳೆಯಿತು. ನನ್ನ ಕಿವಿಯ ಪಕ್ಕದಲ್ಲಿ ಕಲ್ಲು ಕರಕರ ಎಂದಿತು. “ಕೀ! ಕೀ ಆಫ್ ಮಾಡಣ್ಣ!” ಎಂದು ಅರಚಿದೆ.

ಆಫ್ ಆದ ಕೂಡಲೇ ಇಂಜಿನ್ ತನ್ನ ಭಾರಕ್ಕೆ ತಾನೇ ಕೂತು, ಸೀಳು ಮುಚ್ಚಿಕೊಂಡಿತು. ಏನೂ ಆಗಿಲ್ಲವೇನೋ ಎಂಬ ಹಾಗೆ. ಕೆಳಗಿನಿಂದ ಹೊರಬಂದೆ. ಎಂಟು ಮಕ್ಕಳ ಮುಖ ಒಂದೊಂದಾಗಿ ಕಣ್ಣಿಗೆ ಬಂತು.

ಮೂರೂ ಮೌಂಟಿಂಗ್ ಬದಲಿಸಿದೆ, ಕೇಬಲ್ಲೂ ಹೊಸದು ಹಾಕಿದೆ. ಆದರೆ ಯಾರಿಗೂ ಹೇಳಲಿಲ್ಲ. ಪೊಲೀಸರು ಬಂದಾರು, ಗ್ಯಾರೇಜ್ ಮುಚ್ಚಿಸಿಯಾರು ಎಂಬ ಭಯ. ಬಾಯಿ ಬಿಡಬೇಡ ಎಂದು ರಫೀಕಣ್ಣನಿಗೂ ಕೈಮುಗಿದೆ.

ಐದನೇ ದಿನ ವ್ಯಾನನ್ನು ಅಕ್ಕನ ಮನೆ ಮುಂದೆ ಬಿಟ್ಟು ಬಂದೆ. ಮಕ್ಕಳ ಮನೆಯವರು ಅಷ್ಟರಲ್ಲಿ ಬೇರೆ ಗಾಡಿ ನೋಡಿಕೊಂಡಿದ್ದರು. ಸಂಜೆ ಮತ್ತೆ ಹೋದಾಗ ಅಕ್ಕ ಡ್ರೈವರ್ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಇಂಜಿನ್ ಆಫ್ ಇತ್ತು. ಕಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ಮತ್ತೆ ಮತ್ತೆ ಸರಿಸುತ್ತ, “ಇದು ಬ್ರೇಕು, ಇದು ಬ್ರೇಕು,” ಎಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಆಗ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

“ನನ್ ಕಾಲೇ ನನ್ ಮಾತು ಕೇಳಲ್ಲ ಅಂದ್ಕೊಂಡಿದ್ದೆ ಕಣೋ,” ಎಂದಳು. ಆಮೇಲೆ ಸೀಟಿನಿಂದ ಇಳಿದು, “ನಂಗೆ ಹೇಳಿದ್ದಾಯ್ತು. ಅವ್ರಿಗೂ ಹೇಳು ನಡಿ.”

ಮರುದಿನ ಶಾಲೆಯ ಗೇಟಿನಲ್ಲಿ ಮಕ್ಕಳ ಮನೆಯವರಿಗೆ ಆ ರಬ್ಬರಿನ ಸೀಳು ಬಿಡಿಸಿ ತೋರಿಸುತ್ತ, ತಪ್ಪು ನನ್ನದು ಎಂದೆ. ಆ ತಂದೆ ಅಕ್ಕನ ಕಡೆ ತಿರುಗಿ, “ಸಾರಿ ಮೇಡಂ,” ಎಂದರು. ಎಂಟರಲ್ಲಿ ಐದು ಮಕ್ಕಳು ಅಕ್ಕನ ವ್ಯಾನಿಗೆ ಮರಳಿದರು.

ವ್ಯಾನ್ ನನ್ನ ಗ್ಯಾರೇಜಿಗೆ ಮರಳಲಿಲ್ಲ. ಹಬ್ಬಕ್ಕೆ ಅಕ್ಕ ಊಟಕ್ಕೆ ಕರೆಯುತ್ತಾಳೆ. ವ್ಯಾನಿನ ಕೆಲಸವನ್ನು ಬಿಟಿಎಂ ಲೇಔಟಿನಲ್ಲಿ ಬೇರೆಯವರ ಹತ್ತಿರ ಮಾಡಿಸುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ.

ಈಗ ಯಾರಾದರೂ ಬಂದು ಏನೋ ಸದ್ದು ಎಂದರೆ, ಗಾಡಿಯನ್ನು ಅವರಿಗೇ ಓಡಿಸಲು ಹೇಳಿ ನಾನು ಪಕ್ಕದಲ್ಲಿ ಕೂರುತ್ತೇನೆ. ಭಾರ ಬೀಳದೆ ಇಂಜಿನ್ ತನ್ನ ಕಾಯಿಲೆ ತೋರಿಸುವುದಿಲ್ಲ. ಅದು ಮೊದಲು ಗೊತ್ತಾಗುವುದು ಓಡಿಸುವವರ ಮೈಗೆ. ಅಕ್ಕ ಎರಡು ಸಲ ಬಂದು ಹೇಳಿದ್ದಳು.